ಹಾನಾ ಬಿದ್ದದ್ದು ಅಖಾಡದಲ್ಲಲ್ಲ!

ಈ ವಾರ ನಾನು ಹೇಳಹೊರಟಿರುವುದು ಯಾವ ಹೀರೋನ ಕಥೆಯೂ ಅಲ್ಲ, ಯಾವ ಚಿತ್ರದ ನೂರನೇ ದಿನದ ವರದಿಯೂ ಅಲ್ಲ. ಇದು ಒಬ್ಬ ಕುಸ್ತಿ ಹುಡುಗಿಯ ಕಥೆ. ಊರು ಜಪಾನಿನ ಯೊಕೊಹಾಮಾ. ಹೆಸರು ಹಾನಾ ಕಿಮುರಾ. ಅವರ ಭಾಷೆಯಲ್ಲಿ ಹಾನಾ ಅಂದರೆ ಹೂವು!

'ಯೊಕೊಹಾಮಾದ ಹೂವಿಗೂ ಕೊಪ್ಪಳ ಜಿಲ್ಲೆಯ ನವಲಿಗೂ ಎಲ್ಲಿಯ ಸಂಬಂಧವಪ್ಪಾ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮ ನವಲಿಯನ್ನು ಭೋಗಾಪುರೇಶನ ಭಕ್ತರು ಬಲ್ಲರು. ತುಂಗಭದ್ರೆಯ ಹೂಳಿಗೆ ಪರಿಹಾರವಾಗಿ ಸಮತೋಲನ ಜಲಾಶಯ ಎಂಬ ಮಾತು ಬಂದಾಗಲೆಲ್ಲ ಪೇಪರಿನವರು ಬಲ್ಲರು. ಅದು ಬಿಟ್ಟರೆ ನಮ್ಮೂರಿನ ಹೆಸರು ಹೊರಗೆ ಹೋದದ್ದು ಕಡಿಮೆ. ಆದರೂ ಸಂಬಂಧವಿದೆ. ಆ ಸಂಬಂಧ ನಾನೇ! ಅದು ಹೆಮ್ಮೆಯ ಸಂಬಂಧವಲ್ಲ. ಅದಕ್ಕೇ ಇಷ್ಟು ವರ್ಷ ಬರೆಯದೆ ಉಳಿದಿದ್ದೆ.

ಬೀಳೋದು ಮಾತ್ರ ಖರೇನ ಐತಿ

2020ರ ಯುಗಾದಿ ನಿಮಗೆ ನೆನಪಿರಬೇಕು. ಹಬ್ಬಕ್ಕೆಂದು ಬೆಂಗಳೂರಿನಿಂದ ಊರಿಗೆ ಬಂದವನು ಲಾಕ್‌ಡೌನ್‌ನಲ್ಲಿ ಸಿಕ್ಕಿಹಾಕಿಕೊಂಡೆ. ಥಿಯೇಟರುಗಳಿಗೆ ಬೀಗ. ಶೂಟಿಂಗುಗಳಿಗೆ ಬೀಗ. ಬರೆದು ಬದುಕುವವನ ಹೊಟ್ಟೆಗೂ ಬೀಗ! ಕೈಯಲ್ಲಿ ಉಳಿದದ್ದು ಒಂದು ಮೊಬೈಲು, ದಿನಕ್ಕೆ ಒಂದೂವರೆ ಜಿ.ಬಿ. ಡೇಟಾ. ಮೇ ತಿಂಗಳ ಬಿಸಿಲಿಗೆ ಕಟ್ಟೆಯ ಮೇಲೆ ಬೇವಿನ ನೆರಳಲ್ಲಿ ಮಲಗಿ ಬೆರಳಾಡಿಸುವುದೇ ಉದ್ಯೋಗ.

ಮೇ 23ರಂದು ಒಂದು ಸುದ್ದಿ ಬಂತು. ಜಪಾನಿನ ಮಹಿಳಾ ಕುಸ್ತಿಪಟು ಹಾನಾ ಕಿಮುರಾ ಸಾವು, ವಯಸ್ಸು 22. ಚಿತ್ರದಲ್ಲಿ ಗುಲಾಬಿ ಬಣ್ಣದ ಕೂದಲು, ಕಣ್ಣಲ್ಲಿ ತುಂಟತನ, ಯಾವುದೋ ಫ್ಯಾಂಟಸಿ ಚಿತ್ರದ ನಾಯಕಿಯ ಹಾಗಿದ್ದಳು. ಕುಸ್ತಿಯವಳಲ್ಲವೇ, ಕುತ್ತಿಗೆ ಮುರಿದಿರಬೇಕು ಎಂದುಕೊಂಡು ಓದಿದೆ. ಕುತ್ತಿಗೆ ಮುರಿದಿರಲಿಲ್ಲ. ಮನಸ್ಸು ಮುರಿದಿತ್ತು. ತನ್ನ ಜೀವವನ್ನು ತಾನೇ ಮುಗಿಸಿಕೊಂಡಿದ್ದಳು.

ಹುಟ್ಟಿದ ತಾರೀಖು ನೋಡಿದೆ. 1997ರ ಸೆಪ್ಟೆಂಬರ್ 3. ನನಗಿಂತ ಎರಡೇ ತಿಂಗಳು ದೊಡ್ಡವಳು! ಅಲ್ಲಿಂದ ಅವಳ ಪಂದ್ಯಗಳನ್ನು ಒಂದೊಂದಾಗಿ ಹುಡುಕಿ ನೋಡತೊಡಗಿದೆ.

ನಮ್ಮ ದೊಡ್ಡಪ್ಪ ಒಂದು ಕಾಲದಲ್ಲಿ ಜಾತ್ರೆ ಕುಸ್ತಿಯ ಪೈಲ್ವಾನ. ಕಿವಿ ಇನ್ನೂ ಹೂಕೋಸಿನ ಹಾಗೆ ಮುದುಡಿಕೊಂಡಿದೆ. ಅವನಿಗೆ ಮೊಬೈಲು ತೋರಿಸಿದೆ. ಹುಡುಗಿ ಹಗ್ಗದ ಮೇಲಿಂದ ಹಾರಿ ಎದುರಾಳಿಯ ಎದೆಗೆ ಎರಡೂ ಕಾಲು ಕೊಟ್ಟು ತಾನೂ ದಬ್ಬನೆ ಬಿದ್ದಳು. ದೊಡ್ಡಪ್ಪ ಕಣ್ಣು ಕಿರಿದು ಮಾಡಿ ನೋಡಿದ.

'ಇದು ಕುಸ್ತಿ ಅಲ್ಲಲೇ ತಮ್ಮಾ, ನಾಟಕ. ಯಾರು ಗೆಲ್ಲಬೇಕು ಅಂತ ಮೊದಲ ಮಾತಾಡ್ಕೊಂಡಾರ.'

ನಿಜವೇ. ಪ್ರೊಫೆಷನಲ್ ರೆಸ್ಲಿಂಗ್ ಅಂದರೆ ಹಾಗೆಯೇ. ಗೆಲುವು ಸೋಲು ಮೊದಲೇ ತೀರ್ಮಾನ. ಇನ್ನೊಂದು ಪಂದ್ಯ ನೋಡಿದ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, 'ಬೀಳೋದು ಮಾತ್ರ ಖರೇನ ಐತಿ ನೋಡು. ಆ ಬೆನ್ನು ರಾತ್ರಿ ನಿದ್ದಿ ಕೊಡಂಗಿಲ್ಲ.'

ನಾವು ಸಿನಿಮಾ ಮಂದಿಗೆ ಈ ಮಾತು ಹೊಸದಲ್ಲ. ಫೈಟಿಂಗ್ ಸುಳ್ಳು, ಬೀಳುವುದು ನಿಜ. 2016ರ ನವೆಂಬರ್ 7ರಂದು 'ಮಾಸ್ತಿಗುಡಿ' ಶೂಟಿಂಗಿನಲ್ಲಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಅನಿಲ್ ಮತ್ತು ಉದಯ್ ಮತ್ತೆ ಮೇಲೆ ಬರಲೇ ಇಲ್ಲ. ಕಥೆಯಲ್ಲಿ ಅದು ಬರೀ ಒಂದು ದೃಶ್ಯ. ನೀರು ಮಾತ್ರ ನಿಜವಾದ ನೀರು!

ಹಾಡು, ಸಿನಿಮಾ, ಕುಸ್ತಿ: ಮೂರೂ ಒಟ್ಟಿಗೆ

ಜಪಾನಿನಲ್ಲಿ ಹೆಣ್ಣುಮಕ್ಕಳ ಕುಸ್ತಿಗೂ ಬೆಳ್ಳಿತೆರೆಗೂ ಹಳೆಯ ನೆಂಟಸ್ತನ. ಮತ್ಸುನಾಗಾ ಸಹೋದರರು 1968ರಲ್ಲಿ ಕಟ್ಟಿದ 'ಆಲ್ ಜಪಾನ್ ವಿಮೆನ್ಸ್' ಎಂಬ ಕಂಪನಿ, ನಮ್ಮ ಉತ್ತರ ಕರ್ನಾಟಕದ ನಾಟಕ ಕಂಪನಿಗಳ ಹಾಗೆ ಊರೂರು ತಿರುಗುತ್ತಿತ್ತು. ಹುಡುಗಿಯರಿಗೆ ಮೂರು ಕಟ್ಟಳೆ: ಕುಡಿಯಬಾರದು, ಸೇದಬಾರದು, ಗಂಡುಹುಡುಗರ ಸಹವಾಸ ಮಾಡಬಾರದು! ಇಪ್ಪತ್ತೈದರ ಆಸುಪಾಸಿಗೆ ನಿವೃತ್ತಿ. ಹೀಗಾಗಿ ಅಲ್ಲಿ ಕುಸ್ತಿ ಹುಡುಗಿಯ ಆಯುಷ್ಯ ಚಿಕ್ಕದೇ.

ಮಾಚ್ ಫುಮಿಯಾಕೆ ಎಂಬಾಕೆ 1974ರಲ್ಲಿ ಹದಿನೈದರ ವಯಸ್ಸಿಗೆ ಅಖಾಡಕ್ಕಿಳಿದಳು. 1975ರಲ್ಲಿ ಚಾಂಪಿಯನ್. 1976ರಲ್ಲಿ ಗುಡ್ ಬೈ! ಆಮೇಲೆ ಹಾಡುಗಾರ್ತಿ, ನಟಿ. 1980ರಲ್ಲಿ ಬಂದ ಗಮೇರಾ ಎಂಬ ದೈತ್ಯ ಆಮೆಯ ಚಿತ್ರದಲ್ಲಿ ಬಾಹ್ಯಾಕಾಶದ ಹೆಣ್ಣಾಗಿ ಕಾಣಿಸಿಕೊಂಡಳು. ಅವಳ ಬೆನ್ನಿಗೇ ಜಾಕಿ ಸಾಟೋ ಮತ್ತು ಮಾಕಿ ಉಎದಾ ಬಂದರು. ಜೋಡಿಯ ಹೆಸರು 'ಬ್ಯೂಟಿ ಪೇರ್'. ಕುಸ್ತಿಗೆ ಮೊದಲು ಅಖಾಡದಲ್ಲೇ ಹಾಡು! ಶಾಲೆಯ ಹುಡುಗಿಯರು ಹುಚ್ಚೆದ್ದು ಕುಣಿದರು. 1977ರಲ್ಲಿ ಅವರ ಮೇಲೆ ಸಿನಿಮಾ ಕೂಡ ಬಂತು. ಕೊನೆಗೆ 1979ರ ಫೆಬ್ರವರಿ 27ರಂದು ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ ಇಬ್ಬರು ಗೆಳತಿಯರನ್ನೇ ಎದುರು ಬದುರು ನಿಲ್ಲಿಸಿದರು. ಸೋತವಳು ಕುಸ್ತಿ ಬಿಡಬೇಕು ಎಂಬುದು ಷರತ್ತು. ಮಾಕಿ ಸೋತಳು, ಬಿಟ್ಟಳು.

1980ರ ದಶಕದಲ್ಲಿ ಡಂಪ್ ಮತ್ಸುಮೊಟೊ ಎಂಬ ಖಳನಾಯಕಿ. ಮುಖಕ್ಕೆ ಬಣ್ಣ, ಕೈಯಲ್ಲಿ ಸರಪಳಿ. 1985ರ ಆಗಸ್ಟ್ 28ರಂದು ಒಸಾಕಾದಲ್ಲಿ ಜನರ ಕಣ್ಮಣಿ ಚಿಗುಸಾ ನಾಗಾಯೊಳನ್ನು ಸೋಲಿಸಿ, ಷರತ್ತಿನಂತೆ ಅವಳ ತಲೆ ಬೋಳಿಸಿದಾಗ ಗ್ಯಾಲರಿಯಲ್ಲಿ ಹುಡುಗಿಯರು ಬಿಕ್ಕಿ ಬಿಕ್ಕಿ ಅತ್ತರು. ಡಂಪ್‌ಳ ಕಥೆಯನ್ನು 2024ರಲ್ಲಿ ನೆಟ್‌ಫ್ಲಿಕ್ಸ್ ಧಾರಾವಾಹಿಯಾಗಿ ತಂದಿತು.

ನಮ್ಮಲ್ಲಿ ವಜ್ರಮುನಿಯವರು ಪರದೆಯ ಮೇಲೆ ಹಲ್ಲು ಕಡಿದರೆ ಹೆಂಗಸರು ನೆಟಿಗೆ ಮುರಿಯುತ್ತಿದ್ದರಂತೆ. ಆದರೆ ಸಿನಿಮಾ ಮುಗಿಸಿ ಮನೆಗೆ ಬಂದು, ರೊಟ್ಟಿ ತಟ್ಟುತ್ತಾ, 'ಏನ್ ಪಾರ್ಟ್ ಮಾಡ್ಯಾನವ್ವ!' ಎಂದು ಮೆಚ್ಚುವವರೂ ಅವರೇ. ಬೈಗುಳವೇ ಖಳನ ಚಪ್ಪಾಳೆ. ಅದು ಥಿಯೇಟರಿನ ಬಾಗಿಲಿಗೆ ಮುಗಿಯಬೇಕು. ಮುಗಿಯದೆ ಹಾಸಿಗೆಯವರೆಗೆ ಬಂದರೆ?

ನಾಲ್ಕು ವರ್ಷ, ಎರಡು ತಿಂಗಳು

ಹಾನಾಳ ತಾಯಿ ಕ್ಯೋಕೊ ಕಿಮುರಾ ಹೆಸರಾಂತ ಕುಸ್ತಿಪಟು. ತಂದೆ ಇಂಡೋನೇಷಿಯಾದವರು. ತಾಯಿಯೊಬ್ಬಳೇ ಸಾಕಿದ ಮಗಳು. 2016ರ ಮಾರ್ಚ್ 30ರಂದು, ಹದಿನೆಂಟರ ವಯಸ್ಸಿಗೆ, ಮೊದಲ ಪಂದ್ಯ. ಅದೇ ವರ್ಷ ತಾಯಿ ಮಗಳು ಒಂದೇ ತಂಡದಲ್ಲಿ ನಿಂತು ಮೂವರ ತಂಡದ ಬೆಲ್ಟು ಗೆದ್ದರು! ನಮ್ಮಲ್ಲಿ 'ದಂಗಲ್' ಬಂದದ್ದೂ ಅದೇ 2016ರ ಡಿಸೆಂಬರಿನಲ್ಲಿ. ಅಲ್ಲಿ ಅಪ್ಪ-ಮಕ್ಕಳು, ಇಲ್ಲಿ ಅವ್ವ-ಮಗಳು. 2017ರ ಜನವರಿಯಲ್ಲಿ ತಾಯಿ ನಿವೃತ್ತಿಯಾದಳು. ಮಗಳು 'ಸ್ಟಾರ್‌ಡಮ್' ಎಂಬ ಕಂಪನಿಯಲ್ಲಿ ಮೇಲೇರಿದಳು. ಮೊದಲು ಖಳರ ಗುಂಪಿನಲ್ಲಿ, ಆಮೇಲೆ ತನ್ನದೇ ಗುಂಪಿನ ನಾಯಕಿ. ಅಖಾಡಕ್ಕೆ ಬರುವಾಗ ಮುಖಕ್ಕೆ ವಿಷಗಾಳಿ ತಡೆಯುವ ಮುಖವಾಡ. ಅದನ್ನು ಕಿತ್ತೆಸೆದರೆ ಒಳಗೆ ಅರಳಿದ ನಗು. ಆ ಒಂದು ಎಂಟ್ರಿಗೇ ನಮ್ಮ ಹುಡುಗರಾದರೆ ಶಿಳ್ಳೆ ಹೊಡೆದು ಪೇಪರ್ ಚೂರು ತೂರುತ್ತಿದ್ದರು!

2019ರ ಸೆಪ್ಟೆಂಬರ್ 22ರಂದು ಕಂಪನಿಯ ದೊಡ್ಡ ವಾರ್ಷಿಕ ಟೂರ್ನಿಯ ಫೈನಲ್ ಗೆದ್ದಳು. ಆ ತಿಂಗಳು ನನಗೆ ಚೆನ್ನಾಗಿ ನೆನಪಿದೆ. ಸೆಪ್ಟೆಂಬರ್ 12ಕ್ಕೆ ನಮ್ಮಲ್ಲಿ ಸುದೀಪ್ ಅವರ 'ಪೈಲ್ವಾನ್' ಬಂದಿತ್ತು. ಚಿತ್ರದ ಕಳ್ಳಪ್ರತಿ ಹೊರಬಿದ್ದ ಗಲಾಟೆಯಲ್ಲಿ ಅಭಿಮಾನಿಗಳು ಒಬ್ಬರಿಗೊಬ್ಬರು ಮೊಬೈಲಿನಲ್ಲೇ ಕುಸ್ತಿಗೆ ನಿಂತಿದ್ದರು. ನಾನೂ ನಿಂತಿದ್ದೆ. ಹಾನಾ ಜಪಾನಿನಲ್ಲಿ ಬೆವರು ಸುರಿಸಿ ಕುಸ್ತಿ ಮಾಡುತ್ತಿದ್ದಾಗ, ಅವಳ ವಾರಿಗೆಯ ನಾನು ಮಲಗಿದಲ್ಲಿಂದಲೇ ಕುಸ್ತಿ ಮಾಡುತ್ತಿದ್ದೆ!

2020ರ ಜನವರಿ 4. ಟೋಕಿಯೋ ಡೋಮ್. ಗಂಡಸರ ಕುಸ್ತಿಯ ಆ ಮಹಾಕೂಟದಲ್ಲಿ ವರ್ಷಗಳ ನಂತರ ಹೆಣ್ಣುಮಕ್ಕಳಿಗೆ ಒಂದು ಪಂದ್ಯ ಸಿಕ್ಕಿತ್ತು. ಹಾನಾ ಮತ್ತು ಜುಲಿಯಾ ಒಂದು ಕಡೆ, ಮಾಯು ಇವಾತಾನಿ ಮತ್ತು ಅರಿಸಾ ಹೋಶಿಕಿ ಇನ್ನೊಂದು ಕಡೆ. ಹಾನಾಳ ತಂಡ ಸೋತಿತು. ಸೋತರೇನು? ಹಂಪಿ ಉತ್ಸವದ ವೇದಿಕೆ ಹತ್ತಿದ ಹಳ್ಳಿ ಕಲಾವಿದನಿಗೆ ಆಗುವ ಸಂಭ್ರಮ ಅದು! ಅಂದು ತೊಟ್ಟ ಉಡುಪನ್ನು ಜೋಪಾನ ಮಾಡಿಟ್ಟುಕೊಂಡಳು. ಈ ಉಡುಪಿನ ಮಾತು ನೆನಪಿಡಿ.

ಒಂದು ಉಡುಪು, ಒಂದು ಟೋಪಿ

'ಟೆರೇಸ್ ಹೌಸ್' ಎಂಬುದು ಫ್ಯೂಜಿ ಟಿ.ವಿ. ಮತ್ತು ನೆಟ್‌ಫ್ಲಿಕ್ಸ್‌ನಲ್ಲಿ ಬರುತ್ತಿದ್ದ ರಿಯಾಲಿಟಿ ಶೋ. ನಮ್ಮ 'ಬಿಗ್ ಬಾಸ್' ತರಹದ್ದೇ, ಆದರೆ ಕೂಗಾಟ ಕಡಿಮೆ. ಒಂದೇ ಮನೆಯಲ್ಲಿ ಮೂವರು ಹುಡುಗರು, ಮೂವರು ಹುಡುಗಿಯರು. 'ಇದಕ್ಕೆ ಸ್ಕ್ರಿಪ್ಟ್ ಇಲ್ಲ' ಎಂಬುದೇ ಅದರ ಜಾಹೀರಾತು. ಹಾನಾ ಅಲ್ಲಿಗೆ ಹೋದದ್ದು 2019ರಲ್ಲಿ. ತನ್ನಿಂದ ಕುಸ್ತಿಗೆ ನಾಲ್ಕು ಜನ ಹೊಸ ಪ್ರೇಕ್ಷಕರು ಬರಲಿ ಎಂಬ ಆಸೆ.

ಒಂದು ದಿನ ಹಾನಾ ತನ್ನ ಆ ಡೋಮ್ ಪಂದ್ಯದ ಉಡುಪನ್ನು ವಾಷಿಂಗ್ ಮೆಷಿನ್ನಿನಲ್ಲಿ ಮರೆತಳು. ಮನೆಯ ಹುಡುಗನೊಬ್ಬ ನೋಡದೆ ತನ್ನ ಬಟ್ಟೆಯ ಜೊತೆ ಒಗೆದು ಒಣಗಿಸಿಬಿಟ್ಟ. ಉಡುಪು ಮುದುಡಿ ಕುಗ್ಗಿಹೋಯಿತು. ಹಾನಾ ಕ್ಯಾಮೆರಾದ ಮುಂದೆಯೇ ಅವನ ಮೇಲೆ ಕೂಗಾಡಿದಳು, ಅತ್ತಳು, ಅವನ ತಲೆಯ ಮೇಲಿನ ಟೋಪಿಯನ್ನು ಹೊಡೆದು ಕೆಡವಿದಳು. ಇಷ್ಟೇ ನೋಡಿ ಅವಳ ಅಪರಾಧ!

ಇದನ್ನು ದೊಡ್ಡಪ್ಪನಿಗೆ ಹೇಳಿದಾಗ ಅವನು ತಡಮಾಡಲಿಲ್ಲ. 'ನನ್ನ ಲಂಗೋಟಿ ಯಾರರ ಮುಟ್ಟಿದ್ರ ಟೋಪಿ ಒಂದಾ ಅಲ್ಲ, ಹಲ್ಲೂ ಕೆಡವ್ತಿದ್ದೆ!'

ಆ ಕಂತು ಮಾರ್ಚ್ 31ರಂದು ಜಪಾನಿನ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಮೇ ತಿಂಗಳ ಮೂರನೇ ವಾರ ಟಿ.ವಿ.ಯಲ್ಲೂ ಬಂತು. ಬಂದದ್ದೇ ತಡ, ಸಾಲು ಸಾಲು ಬೈಗುಳ. ಅವಳ ರೂಪದ ಮೇಲೆ, ಬಣ್ಣದ ಮೇಲೆ, ಬದುಕಿರುವುದರ ಮೇಲೆಯೇ! ಕೊರೊನಾದಿಂದ ಪಂದ್ಯಗಳೂ ನಿಂತಿದ್ದವು. ಅಖಾಡ ಇದ್ದಿದ್ದರೆ ನಾಲ್ಕು ಜನರ ಚಪ್ಪಾಳೆ ಆ ಬೈಗುಳವನ್ನು ಮುಳುಗಿಸುತ್ತಿತ್ತೋ ಏನೋ. ಮುಚ್ಚಿದ ಬಾಗಿಲು, ತೆರೆದ ಮೊಬೈಲು, ಇಪ್ಪತ್ತೆರಡರ ಹುಡುಗಿ. ಮೇ 23ರಂದು ಎಲ್ಲ ಮುಗಿಯಿತು. ನಾಲ್ಕೇ ದಿನದಲ್ಲಿ ಶೋ ಕೂಡ ನಿಂತುಹೋಯಿತು.

ಒಂದು ಮಾತು ಸ್ಪಷ್ಟ ಮಾಡಬೇಕು. ಒಬ್ಬರ ಸಾವಿಗೆ ಒಂದೇ ಕಾರಣ ಎಂದು ಬೆರಳು ತೋರಿಸುವುದು ಸುಲಭ, ಸರಿಯಲ್ಲ. ಆದರೆ ಆ ಬೈಗುಳ ಇಲ್ಲದಿದ್ದರೂ ಹೀಗೇ ಆಗುತ್ತಿತ್ತು ಎನ್ನುವ ಧೈರ್ಯ ನನಗಂತೂ ಇಲ್ಲ.

ಈಗ ನನ್ನ ಕಥೆ

ಅಷ್ಟರಲ್ಲಿ ನನಗೂ ಒಂದು 'ಫ್ಯಾನ್ ಪೇಜ್' ಇತ್ತು. ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಲೈಕುಗಳೇ ಸರ್ಟಿಫಿಕೇಟು! ಆ ಏಪ್ರಿಲ್‌ನಲ್ಲಿ ಒಬ್ಬ ನಟಿಯ ಸಂದರ್ಶನ ನನ್ನ ಕಣ್ಣಿಗೆ ಬಿತ್ತು. ಹೆಸರು ಬೇಡ. ಕೇಳುವವನು ಆಕೆಯ ಮನೆಯ ಸಾವಿನ ಬಗ್ಗೆ ನಗುನಗುತ್ತಾ ಏನೋ ಕೇಳಿದ. ಆಕೆ ಸಿಟ್ಟಿಗೆದ್ದು ಮೈಕು ತಳ್ಳಿ ಎದ್ದು ಹೋದಳು. ನಾನು ಏನು ಮಾಡಿದೆ ಗೊತ್ತೇ? ಪ್ರಶ್ನೆಯನ್ನು ಕತ್ತರಿಸಿದೆ. ಸಿಟ್ಟನ್ನು ಮಾತ್ರ ಉಳಿಸಿದೆ. ಹದಿನಾಲ್ಕು ಸೆಕೆಂಡಿನ ತುಂಡು. ಮೇಲೆ ಒಂದು ಸಾಲು ಬರೆದೆ. ಆ ಸಾಲನ್ನು ಈಗ ಇಲ್ಲಿ ಬರೆಯಲಾರೆ. ನನ್ನ ಅಕ್ಕ ಈ ಪತ್ರಿಕೆ ಓದುತ್ತಾಳೆ.

ಅದು ಹಬ್ಬಿತು. ಅಲ್ಲಿಯವರೆಗೆ ನಾನು ಹಾಕಿದ್ದ ಯಾವುದೂ ಹಾಗೆ ಹಬ್ಬಿರಲಿಲ್ಲ! ಕೆಳಗೆ ಬಂದ ಮಾತುಗಳು ನನ್ನ ಸಾಲಿಗಿಂತ ನೂರು ಪಾಲು ಹೊಲಸು. ನಾನು ಒಂದನ್ನೂ ಅಳಿಸಲಿಲ್ಲ. ಎಣಿಸಿದೆ! ಬೆಳಿಗ್ಗೆ ಎದ್ದು ಎಷ್ಟಾಯಿತೆಂದು ಎಣಿಸುತ್ತಿದ್ದೆ. ಕಟ್ಟೆಯ ಮೇಲೆ ಗೆಳೆಯರು ಬೆನ್ನು ತಟ್ಟಿದರು. 'ಲೇ, ನವಲಿ ಹುಡುಗ ಬೆಂಗ್ಳೂರ್ ಹೀರೋಯಿನ್ನಿಗೆ ನೀರು ಕುಡಿಸ್ಯಾನ!'

ಹಾನಾಳ ಸುದ್ದಿ ಓದಿದ ದಿನ ಆ ತುಂಡು ಇನ್ನೂ ನನ್ನ ಪೇಜಿನಲ್ಲೇ ಇತ್ತು. ಸಿನಿಮಾದಲ್ಲಾದರೆ ಆ ಕ್ಷಣವೇ ಗುಡುಗು ಮಿಂಚು, ಹೀರೋನ ಮನಪರಿವರ್ತನೆ! ನನಗೆ ಹಾಗೇನೂ ಆಗಲಿಲ್ಲ. ಮೊದಲು ಅನ್ನಿಸಿದ್ದು, 'ಜಪಾನಿನವರು ಬಹಳ ಸೂಕ್ಷ್ಮ. ನಮ್ಮ ಹೀರೋಯಿನ್‌ಗಳಿಗೆ ಇದೆಲ್ಲ ರೂಢಿ.' ಎರಡು ದಿನ ಆ ಸಮಾಧಾನದಲ್ಲೇ ಇದ್ದೆ. ಮೂರನೇ ದಿನ ಆ ನಟಿಯ ಪೂರ್ತಿ ಸಂದರ್ಶನವನ್ನು ಮತ್ತೆ ನೋಡಿದೆ. ಎದ್ದು ಹೋಗುವ ಮುಂಚೆ ಆಕೆ ಒಮ್ಮೆ ಕ್ಯಾಮೆರಾ ಕಡೆ ನೋಡುತ್ತಾಳೆ. ನಾನು ಕತ್ತರಿಸಿದ್ದ ಭಾಗದಲ್ಲಿ ಅದೂ ಇತ್ತು. ಸಿಟ್ಟಲ್ಲ ಅದು. 'ಸಾಕು, ಬಿಡಿ' ಎನ್ನುವ ನೋಟ.

ಆ ತುಂಡನ್ನು ತೆಗೆದೆ. ಅಷ್ಟೊತ್ತಿಗೆ ಅದು ಬೇರೆ ಎಷ್ಟೋ ಪೇಜುಗಳಿಗೆ ಹೋಗಿಬಿಟ್ಟಿತ್ತು. ಬಾಯಿಂದ ಉಗುಳಿದ್ದನ್ನು ಮತ್ತೆ ಬಾಯಿಗೆ ತುಂಬಿಕೊಳ್ಳಲಾದೀತೇ? ಆಕೆಗೆ ಒಂದು ಕ್ಷಮಾಪಣೆ ಬರೆದೆ. ಉತ್ತರ ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕೂ ನನಗಿಲ್ಲ. ಆಕೆ ಇವತ್ತೂ ಚಿತ್ರಗಳಲ್ಲಿ ನಟಿಸುತ್ತಿದ್ದಾರೆ. ಪರದೆಯ ಮೇಲೆ ಕಂಡಾಗಲೆಲ್ಲ ನನಗೆ ಒಂದು ನಿಟ್ಟುಸಿರು. ಅದು ನನ್ನ ಅದೃಷ್ಟ, ನನ್ನ ಒಳ್ಳೆಯತನವಲ್ಲ.

ಒಂಬತ್ತು ಸಾವಿರ ಯೆನ್

ಆಮೇಲಿನ ಕಥೆಯನ್ನೂ ಹೇಳಬೇಕು. ತಾಯಿ ಕ್ಯೋಕೊ ಸುಮ್ಮನೆ ಕೂರಲಿಲ್ಲ. ಅಖಾಡ ಬಿಟ್ಟ ಮೇಲೆ ಆಕೆಗೆ ಸಿಕ್ಕ ಕಠಿಣ ಪಂದ್ಯ ಅದು. ಬೈದವರನ್ನು ಪೊಲೀಸರು ಹುಡುಕಿದರು. 2021ರಲ್ಲಿ ಇಬ್ಬರಿಗೆ ದಂಡ ಬಿತ್ತು. ಎಷ್ಟು ಗೊತ್ತೇ? ತಲಾ 9,000 ಯೆನ್. ಆಗಿನ ಲೆಕ್ಕದಲ್ಲಿ ಸುಮಾರು ಆರು ಸಾವಿರ ರೂಪಾಯಿ! ಒಂದು ಸಾದಾ ಮೊಬೈಲಿನ ಬೆಲೆ. ಆಗಿನ ಕಾನೂನಿನಲ್ಲಿ ಅಷ್ಟೇ ಇತ್ತು. ಅವಮಾನ ಮಾಡಿದರೆ 30 ದಿನದೊಳಗಿನ ಬಂಧನ ಅಥವಾ 10,000 ಯೆನ್‌ಗಿಂತ ಕಡಿಮೆ ದಂಡ.

ಪ್ರಸಾರದವರ ಮೇಲೂ ವಿಚಾರಣೆ ನಡೆಯಿತು. ಅಲ್ಲಿಯ ಪ್ರಸಾರ ಸಮಿತಿ 2021ರ ಮಾರ್ಚ್‌ನಲ್ಲಿ, ಮಾನವ ಹಕ್ಕಿನ ಉಲ್ಲಂಘನೆ ಎಂದು ಹೇಳಲಾಗದಿದ್ದರೂ ಪ್ರಸಾರ ನೀತಿಯ ದೃಷ್ಟಿಯಿಂದ ತಪ್ಪಾಗಿದೆ ಎಂದಿತು. ಕ್ಯೋಕೊ ಮಗಳ ಹೆಸರಿನಲ್ಲಿ 'ರಿಮೆಂಬರ್ ಹಾನಾ' ಎಂಬ ಸಂಸ್ಥೆ ಕಟ್ಟಿದರು, ಊರೂರು ತಿರುಗಿ ಮಾತಾಡಿದರು. 2022ರ ಜೂನ್‌ನಲ್ಲಿ ಕಾನೂನು ಬದಲಾಯಿತು, ಜುಲೈ 7ರಿಂದ ಜಾರಿಗೆ ಬಂತು. ಈಗ ಒಂದು ವರ್ಷದವರೆಗೆ ಸೆರೆ ಅಥವಾ 3 ಲಕ್ಷ ಯೆನ್‌ವರೆಗೆ ದಂಡ. ಕಾನೂನು ಬಿಗಿಯಾದರೆ ನ್ಯಾಯವಾದ ಟೀಕೆಯ ಬಾಯಿಗೂ ಬೀಗ ಬಿದ್ದೀತು ಎಂದು ಅಲ್ಲಿನ ವಕೀಲರು ವಾದಿಸಿದರು. ಅದೂ ಕಡೆಗಣಿಸುವ ಮಾತಲ್ಲ. ನಟನೆ ಚೆನ್ನಾಗಿಲ್ಲ ಎನ್ನುವುದು ಪ್ರೇಕ್ಷಕನ ಹಕ್ಕು. ಟಿಕೆಟ್ಟಿನ ಕಾಸು ಕೊಟ್ಟವನು ಆಕಳಿಸಬಹುದು, ಎದ್ದು ಬರಬಹುದು, 'ತೋಪು ಪಿಕ್ಚರ್!' ಎಂದು ಬಸ್ ಸ್ಟ್ಯಾಂಡಿನಲ್ಲಿ ಸಾರಬಹುದು. ಆದರೆ 'ನೀನು ಯಾಕೆ ಬದುಕಿದ್ದೀ' ಎನ್ನುವುದು ಯಾವ ವಿಮರ್ಶೆ?

ಇದೆಲ್ಲ ದೂರದ ಜಪಾನಿನ ಸಮಾಚಾರ ಎಂದು ಪುಟ ತಿರುವಬೇಡಿ. 2025ರ ಜುಲೈನಲ್ಲಿ ನಮ್ಮ ರಮ್ಯಾ ಅವರು ತಮಗೆ ಬಂದ ಅಶ್ಲೀಲ ಸಂದೇಶಗಳನ್ನು ಹಿಡಿದು ಬೆಂಗಳೂರಿನ ಪೊಲೀಸ್ ಕಮಿಷನರ್ ಬಳಿ ಹೋಗಿ ದೂರು ಕೊಟ್ಟರು. ಪೊಲೀಸರು ಯುವಕರನ್ನು ಬಂಧಿಸಿದರು. ಆ ಸುದ್ದಿ ಓದುವಾಗ ನನ್ನ ಕೈ ನಡುಗಿತು. ಐದು ವರ್ಷ ಹಿಂದಾದರೆ ಆ ಸಾಲಿನಲ್ಲಿ ನಿಲ್ಲಲು ನನಗೇನು ಕಡಿಮೆ ಇತ್ತು?

ಮಣ್ಣು ಹಣೆಗೆ

ಹಾನಾ ತೀರಿಕೊಂಡು ಸರಿಯಾಗಿ ವರ್ಷಕ್ಕೆ, 2021ರ ಮೇ 23ರಂದು, ಟೋಕಿಯೋದ ಕೊರಾಕುಯೆನ್ ಸಭಾಂಗಣದಲ್ಲಿ ಅವಳ ನೆನಪಿನ ಕುಸ್ತಿ ನಡೆಯಿತು. ನಿವೃತ್ತರಾಗಿದ್ದ ಗೆಳತಿಯರೂ ಅವಳಿಗಾಗಿ ಅಖಾಡಕ್ಕೆ ಇಳಿದರು. ಕಾರ್ಯಕ್ರಮದ ಹೆಸರು 'ಮತಾನೆ'. 'ಮತ್ತೆ ಸಿಗೋಣ' ಎಂದು ಅರ್ಥ.

ಅದನ್ನು ದೊಡ್ಡಪ್ಪನಿಗೆ ಹೇಳಿದೆ. ನನ್ನ ಪೇಜಿನ ಕಥೆಯನ್ನೂ ಅಂದೇ ಮೊದಲ ಸಲ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. ಎಲೆ ಅಡಿಕೆ ಜಗಿಯುತ್ತಾ ತುಸು ಹೊತ್ತು ಕುಳಿತ.

'ನಮ್ಮ ಕಾಲಕ್ಕ ಕುಸ್ತಿ ಮುಗಿದ ಮ್ಯಾಲ ಕೆಡವಿದಾಂವನ ಕೈ ಕೊಟ್ಟು ಎಬ್ಬಿಸ್ತಿದ್ದ. ಇಬ್ಬರೂ ಒಂದಾ ಮಣ್ಣು ಹಣಿಗೆ ಹಚ್ಚಿಕೊಂಡು ಹೊರಗ ಬರ್ತಿದ್ವಿ. ನೀ ಕೆಡವೀದಿ ಖರೆ. ಎಬ್ಬಿಸಾಕ ನಿನಗ ಆಕಿ ಕೈಯಾರ ಎಲ್ಲಿ ಸಿಗತೈತಲೇ?'

ಉತ್ತರ ನನ್ನಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅವತ್ತೇ ರಾತ್ರಿ ಪೇಜನ್ನು ಪೂರ್ತಿ ಅಳಿಸಿದೆ.

ಮಿತ್ರರೇ, ನೀವು ಈ ಪತ್ರಿಕೆಯನ್ನು ಗಂಗಾವತಿಯಲ್ಲೋ ಕುಷ್ಟಗಿಯಲ್ಲೋ ಬಸ್ಸು ಬಿಡುವ ಹೊತ್ತಿಗೆ ಕೊಂಡು, ಕಿಟಕಿ ಪಕ್ಕ ಸೀಟು ಹಿಡಿದು ಓದುತ್ತಿರಬಹುದು. ಇನ್ನೊಂದು ಕೈಯಲ್ಲಿ ಮೊಬೈಲೂ ಇರುತ್ತದೆ, ನನಗೆ ಗೊತ್ತು. ಯಾರೋ ಕತ್ತರಿಸಿ ಹಾಕಿದ ಹದಿನಾಲ್ಕು ಸೆಕೆಂಡಿನ ತುಂಡು ಇವತ್ತೂ ಬಂದಿರುತ್ತದೆ. ಬೆರಳು ತುರಿಸುತ್ತದೆ. ಆಗ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಕತ್ತರಿಸಿದ ಭಾಗದಲ್ಲಿ ಏನಿತ್ತು?

ಇದನ್ನು ಓದುವವರಲ್ಲಿ ಯಾರಿಗಾದರೂ ಬದುಕು ಭಾರ ಎನಿಸುತ್ತಿದ್ದರೆ, ದಯವಿಟ್ಟು ಒಬ್ಬರೇ ಕೂರಬೇಡಿ. ಮನೆಯವರಿಗೆ, ಗೆಳೆಯರಿಗೆ ಹೇಳಿ. ಅವರಿಗೂ ಹೇಳಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ 'ಟೆಲಿ ಮಾನಸ್' ನಂಬರು. ಕಾಸಿಲ್ಲ, ಹೊತ್ತಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹಾನಾಳ ಪಂದ್ಯಗಳನ್ನು ನಾನು ಈಗಲೂ ಆಗೊಮ್ಮೆ ಈಗೊಮ್ಮೆ ನೋಡುತ್ತೇನೆ. ಗುಲಾಬಿ ಕೂದಲು ಹಾರುತ್ತದೆ, ಬೀಳುತ್ತಾಳೆ, ಏಳುತ್ತಾಳೆ. ಪ್ರತಿ ಸಲವೂ ಏಳುತ್ತಾಳೆ. ನನ್ನ ವಯಸ್ಸು ಇಪ್ಪತ್ತೆಂಟು ದಾಟಿತು. ಅವಳಿಗೆ ಇನ್ನೂ ಇಪ್ಪತ್ತೆರಡೇ.